ವಿರುದ್ಧ ಪದಕ್ಕೆ ಮನೆಯಲ್ಲಿ ಜಾಗವಿಲ್ಲ

ನಮ್ಮ ಶಾಲೆಯ ಆಡಳಿತದವರು ಸಂಕ್ರಾಂತಿ ಕಳೆದ ಮೇಲೆ ಒಂದು ಹೊಸ ಕಾನೂನು ತಂದರು. ಮೂರನೇ ತರಗತಿಗೆ ಪಾಠ ಮಾಡುವವರು ಕಡೂರಿನ ಮುಖ್ಯ ಶಾಲೆಗೆ ಹೋಗಿ ಇಂಗ್ಲಿಷ್ ಪದಗಳ ಪರೀಕ್ಷೆ ಕೊಡಬೇಕು. ಅಲ್ಲಿನವರೊಂದು ಪದ ಹೇಳುತ್ತಾರೆ. ಅದರ ಅರ್ಥವನ್ನು ಇಂಗ್ಲಿಷಿನಲ್ಲೇ ವಿವರಿಸಬೇಕು, ಅದೇ ಅರ್ಥದ ಇನ್ನೊಂದು ಪದ ಹೇಳಬೇಕು, ಆಮೇಲೆ ವಿರುದ್ಧ ಪದ. ಪಾಸಾದವರ ತರಗತಿ ಉಳಿಯುತ್ತದೆ, ಆಗದವರನ್ನು ನರ್ಸರಿಗೆ ಹಾಕುತ್ತಾರೆ. ಅಜ್ಜಂಪುರದ ಆ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾನು ಸೇರಿದಾಗಿನಿಂದ ಮೂರನೇ ತರಗತಿಯನ್ನೇ ನೋಡಿಕೊಂಡವಳು. ನಾನು ಓದಿದ್ದು ಕನ್ನಡ ಮೀಡಿಯಂ ಆದರೂ ನನ್ನ ಮಕ್ಕಳು ಯಾವತ್ತೂ ಹಿಂದೆ ಬಿದ್ದಿರಲಿಲ್ಲ. ಮೂಗು ಒರೆಸಿ ಚಡ್ಡಿ ಹಾಕಿಸುವುದಕ್ಕಾ ನಾನು ಡಿ.ಎಡ್. ಮಾಡಿದ್ದು? ಸಿಟ್ಟು ನೆತ್ತಿಗೇರಿತು. ಆದರೂ ದಪ್ಪದೊಂದು ಪುಸ್ತಕ ತರಿಸಿಕೊಂಡು ಓದಲು ಕೂತೆ.

ಬರೀ ಕಣ್ಣಲ್ಲಿ ಓದಿದ್ದು ನನ್ನ ತಲೆಗೆ ಹತ್ತುವುದಿಲ್ಲ. ಮಗ್ಗಿ ಒಪ್ಪಿಸಿದ ಹಾಗೆ ಗಟ್ಟಿಯಾಗಿ ಹೇಳಿಕೊಳ್ಳಬೇಕು. ಶಾಲೆ ಮುಗಿಸಿ, ಸಂಜೆ ಅಡುಗೆಗೆ ಇಡುವ ಮುಂಚೆ ಸಿಗುವ ಹೊತ್ತೇ ನನ್ನ ಓದಿನ ಹೊತ್ತು. ಮೊದಲ ದಿನ ನಡುಮನೆಯಲ್ಲಿ ಕೂತು, "ಬರ್ತ್, ಹುಟ್ಟು. ವಿರುದ್ಧ ಪದ ಡೆತ್, ಸಾವು" ಅಂತ ಶುರು ಮಾಡಿದೆ. ದೇವರ ಮುಂದೆ ದೀಪ ಹಚ್ಚುತ್ತಿದ್ದ ಅತ್ತೆ ಕಡ್ಡಿಪೊಟ್ಟಣ ಹಿಡಿದುಕೊಂಡೇ ಓಡಿ ಬಂದರು.

"ಲೇ, ದೀಪ ಹಚ್ಚೋ ಹೊತ್ನಲ್ಲಿ ಎಂಥ ಮಾತಾಡ್ತಿದ್ದೀಯೇ? ಒಳಗೆ ಬಸುರಿ ಹೆಂಗ್ಸು ಮಲ್ಗವ್ಳೆ, ಗ್ಯಾನ ಬ್ಯಾಡ್ವಾ?"

ಮಲಗಿದ್ದವಳು ನನ್ನ ನಾದಿನಿ, ಬಾಣಂತನಕ್ಕೆ ಬಂದಿದ್ದಳು. ಹಿಂದಿನ ಸಲ ಏಳನೇ ತಿಂಗಳಲ್ಲಿ ಕೂಸು ಕೈಗೆ ದಕ್ಕಿರಲಿಲ್ಲ. ಅಂದಿನಿಂದ ಅತ್ತೆ ಮನೆಯಲ್ಲಿ ಆಡುವ ಪ್ರತಿ ಮಾತಿಗೂ ಕಾವಲು ಕೂತಿದ್ದರು. ಮೊದಲೇ ನಮ್ಮ ಮನೆಯಲ್ಲಿ ದೀಪ ಆರಿಸು ಅನ್ನುವ ಹಾಗಿಲ್ಲ, ಶಾಂತ ಮಾಡು ಅನ್ನಬೇಕು. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಕೆಟ್ಟದ್ದು ನುಡಿದರೆ ಮೇಲೆ ಓಡಾಡುವ ಅಸ್ತು ದೇವತೆಗಳು ಅಸ್ತು ಅಂದುಬಿಡುತ್ತಾರಂತೆ.

"ಅತ್ತೆ, ನಿಮ್ಮ ದೇವತೆಗಳಿಗೆ ಇಂಗ್ಲಿಷ್ ಬರುತ್ತಾ?" ಅಂದೆ.

"ಬರ್ದೇ ಏನು? ಅವ್ರಿಗೇನು ನಿನ್ನಂಗೆ ಪರೀಕ್ಷೆ ಐತಾ?" ಅಂದರು.

ಮಾರನೇ ದಿನ ಕನ್ನಡ ಅರ್ಥ ಬಿಟ್ಟು ಬರೀ ಇಂಗ್ಲಿಷ್ ಹೇಳಿಕೊಂಡೆ. ಅತ್ತೆ ಒಂದೊಂದು ಪದಕ್ಕೂ ಮಗಳನ್ನು ಕೇಳಿದರು. ಪಿಯುಸಿ ಓದಿದ್ದ ನಾದಿನಿ ಕಿಸಕ್ಕೆಂದು ನಗುತ್ತ ಎಲ್ಲದರ ಅರ್ಥ ಹೇಳಿಬಿಟ್ಟಳು. ಕೊನೆಗೆ ಒಂದು ರಾಜಿ ಆಯಿತು. ಅರ್ಥ, ಸಮಾನಾರ್ಥಕ ಪದ ಎಷ್ಟು ಬೇಕಾದರೂ ಮನೆಯಲ್ಲಿ ಓದಬಹುದು. ವಿರುದ್ಧ ಪದ ಹೊಸಿಲಾಚೆ. ಫುಲ್ ಒಳಗೆ, ಎಂಪ್ಟಿ ಹೊರಗೆ. ಬ್ರೈಟ್ ಒಳಗೆ, ಡಾರ್ಕ್ ಹೊರಗೆ. ಅರ್ಧ ಪುಸ್ತಕಕ್ಕೆ ಬಹಿಷ್ಕಾರ ಬಿದ್ದ ಹಾಗಾಯಿತು. ಗಂಡನ ಹತ್ತಿರ ಗೋಳು ಹೇಳಿಕೊಂಡರೆ, "ಕುಣಿಯಕ್ಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ" ಅಂತ ನಕ್ಕು ಎದ್ದುಹೋದರು. ಅವರಿಗೇನು, ಯಾವ ಪರೀಕ್ಷೆಯೂ ಇಲ್ಲ, ಯಾವ ಬಸುರಿಯ ಮುಂದೆಯೂ ನಾಲಿಗೆ ಕಟ್ಟಿಕೊಳ್ಳಬೇಕಿಲ್ಲ.

ಭಾನುವಾರ ಬುಕ್ಕಾಂಬುಧಿಯ ತವರಿಗೆ ಹೋದಾಗ ಕೆರೆ ಏರಿಯ ಮೇಲೆ ಓಡಾಡಿಕೊಂಡು ವಿರುದ್ಧ ಪದ ಕೂಗಿದೆ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಮುದುಕರೊಬ್ಬರು, "ಯಾರ್ನ ಬೈತಿದ್ದೀಯಮ್ಮ, ಅತ್ತೆನಾ?" ಅಂದರು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ, ಹೂಂ ಅಂದೆ.

ಪರೀಕ್ಷೆಯ ದಿನ ಬೆಳಗಿನ ಜಾವವೇ ನಾದಿನಿಗೆ ನೋವು ಕಾಣಿಸಿಕೊಂಡಿತು. ತೋರಿಸುತ್ತಿದ್ದ ಆಸ್ಪತ್ರೆ ತರೀಕೆರೆಯಲ್ಲಿ. ಕಾರು ಮಾಡಿಕೊಂಡು ಅತ್ತೆ, ನನ್ನ ಗಂಡ ಇಬ್ಬರೂ ಅವಳನ್ನು ಕರೆದುಕೊಂಡು ಹೊರಟರು. ನಾನೂ ಬರುತ್ತೇನೆ ಅಂದೆ. "ನೀನು ನಿನ್ ಕೆಲ್ಸ ನೋಡ್ಕ, ಹೋಗ್ಬಾ," ಅಂದರು ಅತ್ತೆ. ಕಾರಿನಲ್ಲಿ ಕೂತಿದ್ದ ಆ ಹುಡುಗಿ ನನ್ನ ಕೈ ಹಿಡಿದು, "ಅತ್ತಿಗೆ, ಈ ಸಲ ಏನೂ ಆಗಲ್ಲ ಅಲ್ವಾ?" ಅಂತ ಕೇಳಿದಳು. ಏನೂ ಆಗಲ್ಲ ಅಂದೆ. ಬೀರೂರಿನ ಮೇಲೆ ಕಡೂರಿಗೆ ಹೋಗುವ ಬಸ್ಸಿನಲ್ಲಿ ಕೂತೆ, ಪುಸ್ತಕ ತೆರೆಯಲಿಲ್ಲ.

ಪರೀಕ್ಷೆಯ ಕೋಣೆಯ ಹೊರಗೇ ಫೋನ್ ತೆಗೆದಿಟ್ಟುಕೊಂಡರು. ಒಳಗೆ ಕಂಪ್ಯೂಟರ್ ಮುಂದೆ ಸುಮಾರು ನನ್ನ ವಯಸ್ಸಿನವರೇ ಒಬ್ಬರು ಪರೀಕ್ಷಕರು ಕೂತಿದ್ದರು. ಜೆನೆರಸ್ ಕೇಳಿದರು, ಹೇಳಿದೆ. ಏನ್ಶಿಯಂಟ್ ಕೇಳಿದರು, ಪಟಪಟ ಹೇಳಿದೆ. ಅವರ ಮುಖ ಅರಳಿತು. ಆಮೇಲೆ ಅಲೈವ್ ಅಂದರು. ಅರ್ಥ ಹೇಳಿದೆ. ಅದೇ ಅರ್ಥದ ಪದ ಲಿವಿಂಗ್ ಅಂದೆ. ವಿರುದ್ಧ ಪದ ಕೇಳಿದರು.

ನನ್ನ ತರಗತಿಯ ಮಕ್ಕಳು ನಿದ್ದೆಗಣ್ಣಲ್ಲೂ ಹೇಳುವ ಪದ ಅದು. ನನ್ನ ನಾಲಿಗೆಯ ಮೇಲೇ ಇತ್ತು. ತರೀಕೆರೆಯಲ್ಲಿ ಆ ಹುಡುಗಿ ಹಲ್ಲು ಕಚ್ಚಿಕೊಂಡು ಮಲಗಿರುವಾಗ ಅದನ್ನು ಬಾಯಿಂದ ಆಚೆ ಬಿಡಲು ನನಗೆ ಧೈರ್ಯವಾಗಲಿಲ್ಲ. ಅಸ್ತು ದೇವತೆಗಳನ್ನು ನಂಬದವಳು ನಾನು. ಆಗಲೂ ನಂಬಿರಲಿಲ್ಲ, ಆದರೂ ಬಾಯಿ ತೆರೆಯಲಿಲ್ಲ.

"ತುಂಬಾ ಈಸಿ ಮೇಡಂ," ಅಂದರು ಅವರು.

"ಬೇರೆ ಪದ ಕೇಳಿ ಸರ್."

"ಯಾಕೆ? ಇಂಗ್ಲಿಷ್‌ನಲ್ಲಿ ಹೇಳಿ."

ಮನೆಯ ಹೆಣ್ಣುಮಗಳು ಹೆರಿಗೆಗೆ ಹೋಗಿದ್ದಾಳೆ, ಇವತ್ತೊಂದು ದಿನ ಆ ಮಾತು ನನ್ನಿಂದ ಆಡಿಸಬೇಡಿ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ತಿಂಗಳುಗಟ್ಟಲೆ ಉರು ಹೊಡೆದ ಅಷ್ಟು ಪದಗಳಲ್ಲಿ ಒಂದು ವಾಕ್ಯ ಕಟ್ಟಲು ಆಗಲಿಲ್ಲ. ಮೊದಲು ಹೇಳಿದ್ದೆಲ್ಲ ಬಾಯಿಪಾಠ ಅಂದುಕೊಂಡರೋ ಏನೋ, "ಇಷ್ಟೂ ಬರ್ದಿದ್ರೆ ಮಕ್ಕಳಿಗೆ ಏನ್ ಹೇಳ್ಕೊಡ್ತೀರಿ ಮೇಡಂ?" ಅಂದು ಮುಂದಿನವರನ್ನು ಕರೆದರು.

ಹೊರಗೆ ಬಂದವಳೇ ಫೋನ್ ಮಾಡಿದೆ. "ಹೆಣ್ಮಗು ಕಣೇ. ತಾಯಿ ಮಗು ಇಬ್ರೂ ಚೆನ್ನಾಗವ್ರೆ," ಅಂದರು ನನ್ನ ಗಂಡ. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಸಂತೋಷಕ್ಕೆ ಕಣ್ಣು ತುಂಬಿ ಬಂತು. ಯಾವಾಗ ಆಯಿತು ಅಂತ ಕೇಳಿದೆ.

"ಆಗ್ಲೇ ಆಯ್ತು, ನೀನಿನ್ನೂ ಬಸ್ಸಲ್ಲಿದ್ದೆ ಅನ್ಸುತ್ತೆ. ಪರೀಕ್ಷೆಗೆ ಹೋಗೋಳಿಗೆ ಯಾಕೆ ಗಾಬರಿ ಮಾಡೋದು, ಆಮೇಲೆ ಹೇಳಿದ್ರಾಯ್ತು ಅಂದ್ಲು ಅವ್ವ."

ಫೋನನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಬಸ್‌ಸ್ಟ್ಯಾಂಡಿಗೆ ನಡೆದುಕೊಂಡು ಹೋಗುವಾಗ ಆ ಪದವನ್ನು ಗಟ್ಟಿಯಾಗಿಯೇ ಅಂದೆ. ಹಣ್ಣಿನ ಗಾಡಿಯವನು ತಿರುಗಿ ನೋಡಿದ, ಅಷ್ಟೇ.

ಜೂನ್‌ನಲ್ಲಿ ನನ್ನನ್ನು ನರ್ಸರಿಗೆ ಹಾಕಿದರು. ನನ್ನ ತರಗತಿಗೆ ಹೊಸ ಹುಡುಗಿ ಬಂದಳು. ನನ್ನ ಮಕ್ಕಳು ಅವಳಿಗೆ ಗುಡ್ ಮಾರ್ನಿಂಗ್ ಹೇಳುವುದು ಗೋಡೆಯಾಚೆಯಿಂದ ನನಗೆ ದಿನವೂ ಕೇಳಿಸುತ್ತಿತ್ತು. ಯಾಕೆ ಹೀಗಾಯಿತು ಅಂತ ಅತ್ತೆಗೆ ನಾನು ಹೇಳಿರಲಿಲ್ಲ. ಒಂದು ದಿನ ಅವರೇ ಕೇಳಿದರು. ಮಗುವಿಗೆ ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಕಾಲ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ತಟ್ಟುವ ಕೈ ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು.

"ಅಯ್ಯೋ ಪೆದ್ದಿ, ಅಂದ್ಬಿಡೋದಲ್ವೇನೇ! ಹೊಟ್ಟೆಪಾಡಿಗೆ ಆಡೋ ಮಾತಿಗೆ ದೋಷ ಇಲ್ಲ ಕಣೇ. ಇಷ್ಟು ಓದಿದ್ದೀಯ, ನಿಂಗೆ ಅದೂ ಗೊತ್ತಾಗ್ಲಿಲ್ವಾ?"

ಅಷ್ಟು ದಿನ ತಡೆದುಕೊಂಡ ಸಿಟ್ಟೆಲ್ಲ ಒಟ್ಟಿಗೇ ನಾಲಿಗೆಗೆ ಬಂತು. ಬಾಯಿ ತೆರೆದೆ.

"ಮೆಲ್ಲಗೆ," ಅಂದರು ಅತ್ತೆ. "ಮಗು ಈಗ ಮಲ್ಗೈತೆ."