ಚೀಲದ ತಳ ನೋಡುವ ಖರ್ಚು

ಮನೆ ಮಾರುವುದಕ್ಕಿಂತ ಕಡಲೆ ಮಾರುವುದು ಸುಲಭ. ಅಣ್ಣಿಗೇರಿಯಲ್ಲಿ ನನ್ನದು ಅಡತಿ ಅಂಗಡಿ, ರೈತರ ಕಾಳನ್ನು ವ್ಯಾಪಾರಸ್ಥರಿಗೆ ಮಾರಿಸಿಕೊಡುವ ಕಸುಬು. ಹಾಗಾಗಿ ಈ ಮಾತನ್ನು ಸ್ವಲ್ಪ ಅಧಿಕಾರದಿಂದಲೇ ಹೇಳುತ್ತಿದ್ದೇನೆ. ಕಾಳಿನ ಪೇಟೆಯಲ್ಲಿ ಯಾವ ಖರ್ಚು ಯಾರ ತಲೆಗೆ ಎನ್ನುವುದು ನಮ್ಮಜ್ಜನ ಕಾಲಕ್ಕೇ ತೀರ್ಮಾನವಾಗಿದೆ. ನೆಲಕ್ಕೆ ಚೆಲ್ಲಿದ ಕಾಳು ಕೂಡ ಕಸ ಹೊಡೆಯುವವಳದು ಎಂದು ಗೊತ್ತಾಗಿಹೋಗಿದೆ, ಯಾರೂ ತಕರಾರು ಮಾಡುವುದಿಲ್ಲ. ಮನೆ ಮಾರಾಟಕ್ಕೆ ಇಂಥ ಪದ್ಧತಿ ಅರ್ಧ ಇದೆ, ಅರ್ಧ ಇಲ್ಲ. ಉತಾರ, ಅಂದರೆ ಮನೆಯ ಹಕ್ಕಿನ ದಾಖಲೆ, ತಂದುಕೊಡುವುದು ಮಾರುವವನ ಕೆಲಸ, ಖರೇದಿ ಪತ್ರದ ಖರ್ಚು ಕೊಳ್ಳುವವನದು. ಇವೆರಡರ ನಡುವೆ ಒಂದು ಸಣ್ಣ ಸಂದು ಉಳಿದಿದೆ. ನಾನು ಸಿಕ್ಕಿಹಾಕಿಕೊಂಡದ್ದು ಅಲ್ಲಿ.

ಸ್ಟೇಷನ್ ರಸ್ತೆಯಲ್ಲಿ ಹೊಸ ಮನೆ ಕಟ್ಟಿಸಿದ್ದೆವು, ಇನ್ನೂ ಒಕ್ಕಲು ಹೋಗಿರಲಿಲ್ಲ. ಓಣಿಯೊಳಗಿನ ಹಳೆಯ ಮನೆ ಕೊಳ್ಳಲು ಬಂದವರು ಯರಗುಪ್ಪಿಯ ಈರಪ್ಪನವರು, ವರ್ಷವೂ ನನ್ನ ಅಂಗಡಿಗೇ ಕಡಲೆ ತರುವವರು. ಮುಂಗಡವೆಂದು ಸಂಚಕಾರ ಕೊಟ್ಟಾಯಿತು, ಸಕ್ಕರೆ ಹಂಚಿಯಾಯಿತು. ಆಮೇಲೆ ಅವರ ವಕೀಲರು ಒಂದು ಹೊಸ ಮಾತು ತೆಗೆದರು. ಮನೆಯ ಮೇಲೆ ಸಾಲವಿಲ್ಲ ಎಂಬ ಸರ್ಟಿಫಿಕೇಟು ಕಂಪ್ಯೂಟರಿನಲ್ಲಿ ಸಿಗುವಷ್ಟು ವರ್ಷಗಳದ್ದು ಸಾಲದಂತೆ. ನವಲಗುಂದದ ನೋಂದಣಿ ಕಚೇರಿಯಲ್ಲಿ ಕೈಬರಹದ ಹಳೆಯ ದಫ್ತರುಗಳನ್ನು ತೆಗೆಸಿ, ನಮ್ಮಪ್ಪ ಮನೆ ಕಟ್ಟಿಸಿದ ಕಾಲದವರೆಗೂ ಹುಡುಕಿಸಬೇಕಂತೆ. ಅದಕ್ಕೆ ಬೇರೆ ಫೀ, ಬೇರೆ ಓಡಾಟ.

"ಸಂಶೇ ನಿಮ್ಮದು, ಖರ್ಚೂ ನಿಮ್ಮದರಿ," ಎಂದೆ ನಾನು.

ಈರಪ್ಪನವರು ಎಲೆಗೆ ಸುಣ್ಣ ಹಚ್ಚುತ್ತ ಸಾವಕಾಶವಾಗಿ ಹೇಳಿದರು. "ಸಾವ್ಕಾರ್ರ, ನಾ ಕಡ್ಲಿ ತಂದಾಗ ನಿಮ್ಮ ಅಂಗಡ್ಯಾಗ ಬಂದವರೆಲ್ಲಾ ಒಂದೊಂದು ಮುಷ್ಟಿ ತಗದು ನೋಡತಾರ, ಬಾಯಾಗೂ ಹಾಕ್ಕೋತಾರ. ಆ ಕಾಳಿಂದು ಯಾರರ ರೊಕ್ಕಾ ಕೊಟ್ಟಾರೇನ್ರಿ? ನೋಡೂ ಕಾಳು ಮಾರವಂದು ಅಂತ ಹೇಳಿದವ್ರು ನೀವ ಅಲ್ಲೇನು?"

ಹೇಳಿದ್ದೆ. ಪ್ರತಿ ಸುಗ್ಗಿಯಲ್ಲೂ, ಪ್ರತಿ ರೈತನಿಗೂ ಹೇಳಿದ್ದೆ. ಆದರೂ ಸೋಲೊಪ್ಪುವ ಜಾಯಮಾನ ನನ್ನದಲ್ಲ. ಮೇಲಿನ ಮುಷ್ಟಿ ಮಾರುವವನದು ನಿಜ, ಚೀಲವನ್ನೇ ತಳದವರೆಗೆ ಸುರುವಿ ನೋಡುತ್ತೇನೆಂದರೆ ಹಮಾಲಿ ಕೊಳ್ಳುವವನು ಕೊಡಬೇಕು ಎಂದು ವಾದ ಹೂಡಿದೆ. ತಳದಲ್ಲಿ ಕಲ್ಲಿದ್ದರೆ ಏನು ಮಾಡೂಣು ಎಂದರು ಅವರು. ಅಂದು ಅಷ್ಟಕ್ಕೇ ಎದ್ದುಹೋದರು. ಆಮೇಲೆ ನಾನು ಎಲ್ಲೆಲ್ಲೋ ಆಧಾರ ಹುಡುಕಿದೆ. ಗಂಡಿನ ಮನೆತನ ವಿಚಾರಿಸಲು ಊರೂರು ತಿರುಗಿದವರು ಬಸ್ಸಿನ ಖರ್ಚನ್ನು ಬೀಗರ ಹತ್ತಿರ ಕೇಳಿದ್ದುಂಟೇ? ಇಲ್ಲ. ಇದು ನನ್ನ ಕಡೆಯ ಸಾಕ್ಷಿ. ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುತ್ತೇವೆ, ಕುಂಬಾರ ಅದಕ್ಕೆ ಏನೂ ಕೇಳುವುದಿಲ್ಲ. ಇದು ಈರಪ್ಪನವರ ಕಡೆ ಹೋಯಿತು. ಬಡಿದಾಗ ಗಡಿಗೆ ಒಡೆದರೆ ನಷ್ಟ ಯಾರದು ಎಂಬುದನ್ನು ಮಾತ್ರ ಯಾವ ಶಾಸ್ತ್ರವೂ ಹೇಳಿದಂತಿಲ್ಲ.

ನನ್ನ ಅಂಜಿಕೆ ಇದ್ದದ್ದೇ ಆ ಒಡೆಯುವ ಗಡಿಗೆಯ ಬಗ್ಗೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಜಿಪುಣತನ ಬರೀ ಮೇಲಿನ ಪದರು. ಎದುರು ಮನೆಯ ನೀಲವ್ವ ಚಿಗವ್ವ, ಅಂದರೆ ನಮ್ಮವ್ವನ ನೆಗೆಣ್ಣಿ, ನನ್ನ ಅಕ್ಕನ ಮದುವೆಯ ಕಾಲದಿಂದ ಓಣಿಗೆಲ್ಲ ಒಂದು ಸುದ್ದಿ ಹಂಚಿದ್ದಳು. ಆ ಮದುವೆ ಆದದ್ದು ಈ ಮನೆಯನ್ನು ಒತ್ತಿ ಇಟ್ಟು, ಕಚೇರಿಯಲ್ಲಿ ಕಾಗದವೂ ಆಗಿದೆ, ಎಂದು. ಅವ್ವ ಹೇಳುವುದೇ ಬೇರೆ: ತನ್ನ ಬಂಗಾರದ ಗುಂಡಿನ ಸರ ಮಾರಿ ಮಾಡಿದ ಮದುವೆ ಅದು, ಮನೆ ಒಂದು ದಿನವೂ ಒತ್ತಿ ಬಿದ್ದಿಲ್ಲ. ಅಪ್ಪ ಇಬ್ಬರ ಮಾತಿಗೂ ಹೂಂ ಉಹೂಂ ಅನ್ನದೆ ತೀರಿಕೊಂಡ. ಇಲ್ಲದ ಸರವನ್ನು ತೋರಿಸಿ ಯಾರಿಗೆ ಏನು ಸಾಬೀತು ಮಾಡುವುದು? ಅವ್ವ ಆ ಮಾತನ್ನು ನುಂಗಿಕೊಂಡೇ ಮುದುಕಿಯಾದಳು. ನನಗೆ ಅವ್ವನ ಮೇಲೆ ಪೂರ್ತಿ ನಂಬಿಕೆ. ಅಪ್ಪನ ಮೇಲೆ ಅಷ್ಟಿರಲಿಲ್ಲ. ಅವಳಿಗೆ ಹೇಳದೆ ಎಲ್ಲಾದರೂ ಸಹಿ ಹಾಕಿಬಿಟ್ಟಿದ್ದರೆ? ಈ ವಯಸ್ಸಿನಲ್ಲಿ ಅವ್ವ ಸುಳ್ಳುಗಾತಿ ಅನ್ನಿಸಿಕೊಳ್ಳಬೇಕಾಗುತ್ತದೆ.

ಈರಪ್ಪನವರು ಮತ್ತೆ ಬಂದರು. ಮತ್ತೆ ಅದೇ ಚೀಲದ ವಾದ, ಅದೇ ಮುಷ್ಟಿಯ ವಾದ. ಸಂಚಕಾರ ತಿರುಗಿ ಕೊಡುವ ಮಾತಿನವರೆಗೂ ಬಂತು. ಒಳಗೆ ಜೋಳ ಹಸನು ಮಾಡುತ್ತಿದ್ದ ಅವ್ವ ಮೊರವನ್ನು ಕೆಳಗಿಟ್ಟು ಬಾಗಿಲಿಗೆ ಬಂದಳು.

"ಆ ಖರ್ಚ ನಾ ಕೊಡತೀನಿ."

ಇಬ್ಬರಿಗೂ ನಾಚಿಕೆಯಾಯಿತು. ಅಲ್ಲಿಯವರೆಗೆ ನಿನ್ನದು ನಿನ್ನದು ಎಂದು ತಳ್ಳುತ್ತಿದ್ದವರು ನನ್ನದು ನನ್ನದು ಎಂದು ಜಗಳಕ್ಕೆ ನಿಂತೆವು.

"ಬ್ಯಾಡ್ರಿ ಯವ್ವಾ, ನಾನ ಕೊಡತೀನಿ," ಎಂದರು ಈರಪ್ಪನವರು.

"ನೀವು ಸುಮ್ಮಿರ್ರಿ ಈರಪ್ಪಾರ. ರೊಕ್ಕಾ ಕೊಟ್ಟವರದ ಕಾಗದ. ಆ ಕಾಗದ ನನಗ ಬೇಕು." ಅವ್ವ ಸೆರಗಿನ ಗಂಟು ಬಿಚ್ಚಿದಳು. "ಇದನ್ನ ಯಾರರ ಹುಡಕಲಿ ಅಂತ ನಾ ಎಷ್ಟ ವರ್ಷ ಕಾದೇನಿ, ನಿಮಗೇನ ಗೊತ್ತು?"

ಅಂಜಿದವನು ನಾನೊಬ್ಬನೇ ಎಂದು ಆಗ ತಿಳಿಯಿತು.

ಹುಡುಕಾಟ ಮುಗಿದು ಕಾಗದ ಕೈಗೆ ಬಂತು. ಒತ್ತಿಯಿಲ್ಲ, ಸಾಲವಿಲ್ಲ, ಒಂದು ಗೀರೂ ಇಲ್ಲ. ಕಚೇರಿಯ ಮುಂದೆ ನಿಂತು ಎರಡು ಸಲ ಓದಿಕೊಂಡೆ, ಅಪ್ಪನಿಗೆ ಮನಸ್ಸಿನಲ್ಲೇ ಕೈಮುಗಿದೆ. ಈರಪ್ಪನವರಿಗೆ ಝೆರಾಕ್ಸ್ ಪ್ರತಿ, ಅವ್ವನಿಗೆ ಅಸಲು ಕಾಗದ. ಅವಳು ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು, ಕಾಗದ ಹಿಡಿದು ಓಣಿ ದಾಟಿದಳು. ನಾನು ಹಿಂದೆ ಹೋದೆ, ಇಂಥದ್ದನ್ನು ತಪ್ಪಿಸಿಕೊಳ್ಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ಅವ್ವನಿಗೆ ಓದಲು ಬಾರದು. ಚಿಗವ್ವ ಸಾಲಿ ಕಲಿತವಳು, ಓಣಿಯವರ ಕಾಗದಪತ್ರಗಳನ್ನೆಲ್ಲ ಓದಿ ಹೇಳುವವಳು ಅವಳೇ.

"ನೀಲವ್ವಾ, ಚಸ್ಮಾ ಹಾಕ್ಕೊಂಡು ಇದನ್ನೊಂದೀಟ ಓದಿ ಹೇಳ."

ಚಿಗವ್ವ ಮನೆಯ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿ ಎಲ್ಲವನ್ನೂ ಗತ್ತಿನಿಂದ ಓದಿದಳು. ಕೆಳಗೆ ಬರುತ್ತ ದನಿ ಇಳಿಯಿತು. "ಮನಿ ಮ್ಯಾಲ ಎಂದೂ ಒತ್ತಿ ಇದ್ದಿದ್ದಿಲ್ಲಂತ ಬರದಾರ."

"ಕೇಳಸಲಿಲ್ಲ," ಎಂದಳು ಅವ್ವ. ಅವ್ವನ ಕಿವಿ ಅಗದಿ ಚುರುಕು.

ಚಿಗವ್ವ ಮತ್ತೆ ಓದಿದಳು. ಬಾಜು ಮನೆಯವರು ಹೊರಗೆ ಬಂದು ನಿಂತರು.

"ಇನ್ನೊಂದೀಟ ಜೋರ ಓದ, ನಮ್ಮವ್ವ."

ಈ ಸಲ ಓಣಿಯ ಕೊನೆಯ ಮನೆಗೂ ಕೇಳಿಸಿತು. ಅವ್ವ ಕಾಗದವನ್ನು ತಿರುಗಿ ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ ಸೆರಗಿಗೆ ಕಟ್ಟಿಕೊಂಡಳು. ಇಷ್ಟು ವರ್ಷ ಪೇಟೆಯಲ್ಲಿದ್ದೇನೆ. ಅಷ್ಟು ಸೋವಿಗೆ ಅಷ್ಟು ದೊಡ್ಡ ಮಾಲು ಕೊಂಡವರನ್ನು ನಾನು ಇದುವರೆಗೂ ಕಂಡಿಲ್ಲ.