ಚೀಟಿಯ ಕೆಳಗಿನ ದನಿ

ಹಿರಿಯೂರಿನ ಆರ್ಜೂ ಹಳೆಯ ರೆಕಾರ್ಡೊಂದು ಕೈಗೆ ಬಂದೊಡನೆ ಅದನ್ನು ಹಾಕಿ ಕೇಳುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದು, ಹಾಡಿನ ಗೆರೆಗಳು ಮುಗಿದು ನಡುವಿನ ಲೇಬಲ್ ಆರಂಭವಾಗುವ ಖಾಲಿ ಸುತ್ತಿನಲ್ಲಿ ಏನನ್ನಾದರೂ ಕೆತ್ತಿದ್ದಾರೆಯೇ ಎಂದು ನೋಡುತ್ತಾಳೆ. ಆ ಕೆತ್ತನೆಯಲ್ಲಿ ಕಾರ್ಖಾನೆಯ ಸಂಖ್ಯೆ ಇರುತ್ತದೆ. ಕೆಲವೊಮ್ಮೆ ಅಚ್ಚು ಮಾಡಿದವನ ಕೈಬರಹವೂ ಇರುತ್ತದೆ. ಲೇಬಲ್ಲಿನ ಮೇಲಿರುವುದು ವ್ಯಾಪಾರದ ಮಾತು, ಕೆತ್ತನೆಯಲ್ಲಿರುವುದು ಕೆಲಸದ ಮಾತು ಎಂಬುದು ಆಕೆಯ ನಂಬಿಕೆ.

ಆಕೆಯ ಜೀವನೋಪಾಯ ಮೈಕ್‌ಸೆಟ್ ಬಾಡಿಗೆ. ತಂದೆ ಜಮಾಲ್ ಸಾಬ್ ಆರಂಭಿಸಿದ ಅಂಗಡಿಯನ್ನು ಈಗ ಆಕೆಯೇ ನಡೆಸುತ್ತಾಳೆ. ಮದುವೆ, ಚುನಾವಣೆ, ಶಾಲಾ ವಾರ್ಷಿಕೋತ್ಸವ ಯಾವುದೇ ಇರಲಿ, ಸ್ಪೀಕರ್ ಎಲ್ಲಿಟ್ಟರೆ ಮಾತು ಒಡೆಯುವುದಿಲ್ಲ ಎಂದು ಜಾಗ ನೋಡಿದ ಕೂಡಲೇ ಹೇಳಬಲ್ಲಳು. ಸಂಗ್ರಹದ ಹುಚ್ಚು ಹತ್ತಿದ್ದು ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಓದುವಾಗ. ಗಣಿ ಕಂಪನಿಯ ಅಧಿಕಾರಿಯೊಬ್ಬರ ಬಂಗಲೆ ಖಾಲಿಯಾಗಿ, ಅಲ್ಲಿನ ಸಾಮಾನು ಗುಜರಿಗೆ ಬಂದಿತ್ತು. ಅದರಲ್ಲಿ ಒಂದು ಪೆಟ್ಟಿಗೆ ತುಂಬ ಅಮೆರಿಕದ ಸೋಲ್ ಸಂಗೀತದ ಸಣ್ಣ ರೆಕಾರ್ಡುಗಳಿದ್ದವು. ಅಲ್ಲಿನ ಕಪ್ಪು ಜನ ಇಗರ್ಜಿಯಲ್ಲಿ ದೇವರನ್ನು ಕೂಗುತ್ತಿದ್ದ ಆವೇಶವನ್ನೇ ಪ್ರೇಮಕ್ಕೂ ವಿರಹಕ್ಕೂ ತಂದು ಹಾಡಿದ ಸಂಗೀತವದು. ಭಾಷೆ ಅರ್ಧ ಮಾತ್ರ ತಿಳಿಯಿತು. ಗಂಟಲು ಪೂರ್ತಿ ತಿಳಿಯಿತು.

ಸೋಲ್ ಸಂಗ್ರಾಹಕರ ಲೋಕ ವಿಚಿತ್ರವಾದದ್ದು. ಹೆಸರುವಾಸಿಗಳ ಬಗ್ಗೆ ಅವರಿಗೆ ಅಷ್ಟಾಗಿ ಆಸಕ್ತಿಯಿಲ್ಲ. ಒಂದೇ ಒಂದು ರೆಕಾರ್ಡು ಹಾಡಿ ಆಮೇಲೆ ಬಸ್ ಓಡಿಸಿಯೋ ಆಸ್ಪತ್ರೆಯಲ್ಲಿ ಬಟ್ಟೆ ಒಗೆದೋ ಬದುಕಿದವರನ್ನು ಅವರು ವರ್ಷಗಟ್ಟಲೆ ಹುಡುಕುತ್ತಾರೆ. ಆರ್ಜೂ ಇಂಟರ್ನೆಟ್ಟಿನ ಮೂಲಕ ಆ ಬಳಗವನ್ನು ಸೇರಿದಳು. ಎರಡು ಬೇರೆ ಹೆಸರುಗಳಲ್ಲಿ ಹಾಡಿದವಳು ಒಬ್ಬಳೇ ಎಂದು ಎರಡರ ಕೆತ್ತನೆಯಲ್ಲೂ ಒಂದೇ ಸಂಖ್ಯೆಯಿರುವುದನ್ನು ಹಿಡಿದು ತೋರಿಸಿಕೊಟ್ಟ ಮೇಲೆ ಅಲ್ಲಿ ಆಕೆಯ ಮಾತಿಗೆ ತೂಕ ಬಂತು.

ಆ ತೂಕದ ಬಲದಿಂದಲೇ ಆಕೆ ದೊಡ್ಡದೊಂದು ತಪ್ಪು ಮಾಡಿದಳು.

ತಂದೆಯ ಹಳೆಯ ರೆಕಾರ್ಡುಗಳ ನಡುವೆ ಒಂದರ ಮೇಲೆ ಗುಲಾಬಿ ಕಾಗದದ ಚೀಟಿ ಅಂಟಿತ್ತು: ‘ಮಿಸ್ ಶೀಲಾ, ಬೆಂಗಳೂರು’. ಎಪ್ಪತ್ತರ ದಶಕದ ಕನ್ನಡ ಹಾಡು. ಡ್ರಮ್ಮು ಮತ್ತು ಎಲೆಕ್ಟ್ರಿಕ್ ಆರ್ಗನ್ನಿನ ಮೇಲೆ ಹುಡುಗಿಯೊಬ್ಬಳು ಮುಳುಗುವ ಸೂರ್ಯನನ್ನು ತಡೆಯುತ್ತಾಳೆ: ‘ನಿಲ್ಲೋ ನಿಲ್ಲೋ ಹೊತ್ತೇ, ಮರಿಯೊಂದು ಬರಬೇಕು.’ ಮೊದಲ ಸಾಲು ಎದೆಯೊಳಗೇ ಇರುತ್ತದೆ. ಮೂರನೆಯ ಸಲ ಅದೇ ಸಾಲು ಬಂದಾಗ ದನಿ ಬಯಲಿಗೆ ಬಿದ್ದಂತೆ ತೆರೆದುಕೊಳ್ಳುತ್ತದೆ. ಇದನ್ನು ಸೋಲ್ ಎನ್ನದೆ ಇನ್ನೇನೆನ್ನಬೇಕು ಎಂದು ಬರೆದು, ಚೀಟಿಯಲ್ಲಿದ್ದ ಹೆಸರನ್ನೇ ಕೊಟ್ಟು, ಆರ್ಜೂ ಹಾಡನ್ನು ಇಂಟರ್ನೆಟ್ಟಿಗೆ ಹಾಕಿದಳು. ಹಿಂಬದಿಯಲ್ಲಿ ಬರಿಯ ವಾದನವಿತ್ತು. ಅದನ್ನು ಹಾಕಲಿಲ್ಲ, ಯಾರಿಗೂ ಕೇಳಿಸಲೂ ಇಲ್ಲ.

ಹಾಡನ್ನು ಜಪಾನಿನವರು ಕೇಳಿದರು, ಇಂಗ್ಲೆಂಡಿನವರು ಕೇಳಿದರು. ಹೊಳಲ್ಕೆರೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಹಳೆಯ ಹಾಡುಗಳನ್ನು ಹೊಸ ರೆಕಾರ್ಡಾಗಿ ಮರುಮುದ್ರಿಸುವ ಸಣ್ಣ ಕಂಪನಿ ನಡೆಸುತ್ತಿದ್ದ ಕಿರಣ್‌ಕುಮಾರ್ ಫೋನ್ ಮಾಡಿದ. ಬೇರೆಲ್ಲೂ ಪ್ರತಿಯಿಲ್ಲದ ಆ ರೆಕಾರ್ಡನ್ನು ಆರ್ಜೂ ಕೊಡಬೇಕು, ಗಾಯಕಿಯನ್ನು ಹುಡುಕಿ ಒಪ್ಪಿಗೆಯನ್ನೂ ಪಡೆಯಬೇಕು ಎಂದು ಮಾತಾಯಿತು. ಎರಡು ವರ್ಷ ಆಕೆ ಬಿಡುವಾದಾಗಲೆಲ್ಲ ಬೆಂಗಳೂರಿಗೆ ಹೋಗಿ ಆರ್ಕೆಸ್ಟ್ರಾದ ಹಿರಿಯರನ್ನು, ನಿವೃತ್ತ ಧ್ವನಿಮುದ್ರಕರನ್ನು ಕಂಡಳು. ಹಾಡುವ ಇಬ್ಬರು ಶೀಲಾ ಸಿಕ್ಕರು. ಇಬ್ಬರೂ ಹಾಡನ್ನು ಕೇಳಿ, ಇದು ತಮ್ಮದಾಗಿದ್ದರೆ ಎಷ್ಟು ಚೆನ್ನಿತ್ತು ಎಂದರು.

ಆಗಲೇ ಆಕೆ ಇಂಗ್ಲೆಂಡಿನ ಉತ್ತರ ಭಾಗದ ನೃತ್ಯಶಾಲೆಗಳ ಕುರಿತು ಒಂದು ಲೇಖನ ಓದಿದ್ದು. ಅಲ್ಲಿ ಸೋಲ್ ರೆಕಾರ್ಡು ಹಾಕುವವರು ಎದುರಾಳಿಗಳಿಗೆ ಹಾಡಿನ ಗುರುತು ಸಿಗದಂತೆ ಲೇಬಲ್ಲಿನ ಮೇಲೆ ಕಾಗದ ಅಂಟಿಸಿ ಸುಳ್ಳು ಹೆಸರು ಬರೆಯುತ್ತಿದ್ದರಂತೆ. ಓದುತ್ತಿದ್ದಂತೆ ಆರ್ಜೂ ಎದ್ದು ಆ ಗುಲಾಬಿ ಚೀಟಿಯ ಅಂಚನ್ನು ಉಗುರಿನಿಂದ ತಡವಿದಳು. ಕೆಳಗೆ ಇನ್ನೊಂದು ಪದರವಿತ್ತು.

“ಅಬ್ಬಾ, ಈ ಮಿಸ್ ಶೀಲಾ ಯಾರು?”

ಜಮಾಲ್ ಸಾಬ್ ಚಹಾದ ಲೋಟ ಕೆಳಗಿಟ್ಟು ನಕ್ಕರು. “ಯಾರೂ ಅಲ್ಲ. ನಾನೇ ಹೆತ್ತೋನು.”

“ತಮಾಷೆ ಬ್ಯಾಡ ಅಬ್ಬಾ.”

“ತಮಾಷೆ ಅಲ್ಲ ಬೇಟಿ. ಹೊಸದುರ್ಗದ ಮೈಕ್‌ನೋರು ಮದ್ವೆ ಮನೆಗೆ ಬಂದು, ಕತ್ತು ಉದ್ದ ಮಾಡಿ ರೆಕಾರ್ಡ್ ಪ್ಲೇಟಿನ ಹೆಸ್ರು ಓದ್ಕಂಡು ಹೋಗೋರು. ಮುಂದಿನ ಮದ್ವೇಲಿ ಅದೇ ಹಾಡು ಅವ್ರ ಮೈಕ್‌ನಾಗೆ! ಅದ್ಕೇ ಚೀಟಿ ಅಂಟಿಸ್ತಿದ್ವಿ. ಅವ್ರೂ ಅಂಟಿಸ್ತಿದ್ರು. ಶೀಲಾ ಶೀಲಾ ಅಂತ ಬೆಂಗ್ಳೂರೆಲ್ಲಾ ಸುತ್ತಿ ಬಂದ್ರು, ನನ್ಮಕ್ಳು.”

“ನಾನೂ ಸುತ್ತಿ ಬಂದೆ.”

“ನನ್ನ ಕೇಳಿದ್ರೆ ಹೇಳ್ತಿದ್ನಲ್ಲ. ನೀನು ಕಂಪ್ಯೂಟರ್ ಕೇಳ್ದೆ.”

ಪ್ರಪಂಚದ ನಾಲ್ಕು ಮೂಲೆಯವರನ್ನು ವಿಚಾರಿಸಿದ್ದ ಆರ್ಜೂ, ಅದೇ ರೆಕಾರ್ಡನ್ನು ಸಾವಿರಾರು ಜನಕ್ಕೆ ಕೇಳಿಸಿದ್ದ ಮನುಷ್ಯನನ್ನು ಮಾತ್ರ ವಿಚಾರಿಸಿರಲಿಲ್ಲ. ಅಬ್ಬಾಗೆ ಆಂಪ್ಲಿಫೈಯರ್ ಗೊತ್ತು, ಸಂಗೀತ ಗೊತ್ತಿಲ್ಲ ಎಂದು ಚಿಕ್ಕಂದಿನಲ್ಲೇ ತೀರ್ಮಾನಿಸಿಬಿಟ್ಟಿದ್ದಳು.

“ಹೋಗ್ಲಿ, ಕೆಳಗಿರೋ ಹೆಸ್ರು ಹೇಳು.”

ಅವರ ನಗು ನಿಂತಿತು. “ಅದು ಗ್ಯಾಪ್ಕ ಇಲ್ಲ ಬೇಟಿ. ಊರಿಗೆಲ್ಲ ಶೀಲಾ ಶೀಲಾ ಅಂದು ಅಂದು, ನನ್ ಬಾಯಾಗೂ ಅದೇ ಕುಂತ್ಬಿಡ್ತು.”

ಚೀಟಿ ಬಿಡಿಸಲು ಹೋದದ್ದೂ ಫಲಿಸಲಿಲ್ಲ. ಜಮಾಲ್ ಸಾಬ್ ಅಂಗಡಿಯ ಗೋಂದನ್ನು ನಂಬುತ್ತಿರಲಿಲ್ಲ. ಕಂಬಳಿ ನೇಯುವವರು ಬಳಸುವ ಹುಣಸೆ ಬೀಜದ ಅಂಟು ಸರಿಯನ್ನು ತಂದು ಅಂಟಿಸಿದ್ದರು. ಹಬೆ ಹಿಡಿದು ಮೆತ್ತಗೆ ಎತ್ತಿದಾಗ, ಐವತ್ತು ವರ್ಷದಿಂದ ಅಪ್ಪಿಕೊಂಡಿದ್ದ ಅಸಲಿ ಲೇಬಲ್ ಕೂಡ ನೀಲಿ ಮುದ್ದೆಯಾಗಿ ಎದ್ದುಬಂತು. ಒಂದು ಅಕ್ಷರವೂ ಉಳಿಯಲಿಲ್ಲ. ಕೆತ್ತನೆಯಲ್ಲಿ ಸಂಖ್ಯೆಯಿತ್ತು, ಆದರೆ ಅದನ್ನು ಅಚ್ಚು ಹಾಕಿದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು.

ಕಿರಣ್‌ಕುಮಾರ್ ಸಮಾಧಾನ ಹೇಳಿದ: “ಬಿಡ್ರಿ ಮೇಡಂ, ಮಿಸ್ ಶೀಲಾ ಅಂತಾನೇ ಇರ್ಲಿ. ಜನಕ್ಕೆ ಅದೇ ಹೆಸ್ರು ಗೊತ್ತೈತೆ. ತಿಂಗಳ ಕೊನೆಗೆ ಪ್ರೆಸ್‌ಗೆ ಹೋಗ್ಬೇಕು.”

ಜನಕ್ಕೆ ಆ ಹೆಸರು ಗೊತ್ತಾದದ್ದು ತನ್ನಿಂದ ಎಂಬುದೇ ಆರ್ಜೂವನ್ನು ಚುಚ್ಚಿತು. ಮದುವೆಮನೆಯ ಸುಳ್ಳು ಮದುವೆಮನೆಯಲ್ಲೇ ಮುಗಿದುಹೋಗುತ್ತಿತ್ತು. ಅದಕ್ಕೆ ಸಂಶೋಧನೆಯ ಮುದ್ರೆ ಒತ್ತಿದವಳು ತಾನು. ಮುದ್ರಣವಾಗಿಬಿಟ್ಟರೆ ಹಾಡಿದವಳ ಹೆಸರು ಇನ್ನೆಂದೂ ಮೇಲೆ ಬರುವುದಿಲ್ಲ.

ಹೆಸರು ಸಿಗದಿದ್ದರೇನು, ಹಾಡಂತೂ ಕೈಯಲ್ಲಿತ್ತು. ಆಕೆ ಹೊಸದಾಗಿ ಕೇಳುವಂತೆ ಕೇಳಿದಳು. ಆರ್ಗನ್ನಿನ ಅಡಿಯಲ್ಲಿ, ಅದರ ಭಾಗವೆಂದೇ ತಾನು ತಿಳಿದಿದ್ದ ಉದ್ದನೆಯ ಸ್ವರವೊಂದು ಅಲ್ಲಲ್ಲಿ ಉಸಿರು ಎಳೆದುಕೊಳ್ಳುತ್ತಿತ್ತು. ಆರ್ಗನ್ನಿಗೆ ಉಸಿರಿಲ್ಲ. ಅದು ಗಣೆ, ಗೊಲ್ಲರಹಟ್ಟಿಗಳಲ್ಲಿ ದೈವ ಜುಂಜಪ್ಪನ ಕಾವ್ಯದ ಜೊತೆ ನುಡಿಸುವ ಆಳುದ್ದದ ಕೊಳಲು. ಹಿಂಬದಿಯ ವಾದನವೂ ಅದೇ. ಆಕೆ ಐಮಂಗಲದ ಬಳಿಯ ಹಟ್ಟಿಯೊಂದರಲ್ಲಿ ಗಣೆ ನುಡಿಸುವ ಬಾಲರಾಜುವನ್ನು ಹುಡುಕಿಕೊಂಡು ಹೋದಳು. ಆತ ಕುರಿಗಳಿಗೆ ಔಷಧಿ ಕುಡಿಸುತ್ತಿದ್ದ. ಫೋನಿನಲ್ಲಿ ಹಾಡು ಶುರುವಾದೊಡನೆ ಕೈ ಒರೆಸಿಕೊಂಡು ಹತ್ತಿರ ಬಂದ.

“ಇನ್ನೊಂದ್ಸಲ ಹಾಕ್ರಿ... ಇದು ನಮ್ಮಪ್ಪನ ಉಸ್ರು ಕಣಕ್ಕ. ಜುಂಜಯ್ಯಂದು. ಪದದ ಮಧ್ಯ ಉಸ್ರು ಎಳ್ಕಳ್ಳೋದು ಅವ್ನೊಬ್ನೇ. ಅದ್ಕೇ ಎಲ್ಲಾ ಬೈಯೋರು.”

“ಹಾಡಿರೋರು ಯಾರು?”

“ನಮ್ಮ ಸ್ವಾದರತ್ತೆ, ಅಪ್ಪನ ತಂಗಿ ಚಿತ್ತಮ್ಮ ಇರ್ಬೇಕು. ಪ್ಲೇಟಿಗೆ ಹಾಡಿದೀನಿ ಅಂತ ಹೇಳ್ಕಂಡು ತಿರುಗ್ತಿತ್ತು. ನಾವ್ಯಾರೂ ನಂಬಿರ್ಲಿಲ್ಲ. ಬಬ್ಬೂರಾಗೈತೆ, ಹೋಗ್ರಿ.”

ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಹುಕಾಲ ಕೂಲಿ ಮಾಡಿದ್ದ ಚಿತ್ತಮ್ಮ ಈಗ ಮೊಮ್ಮಗಳು ರಂಜಿತಾಳ ಜೊತೆ ಇದ್ದರು. ಆರ್ಜೂ ಒಳಗೆ ಬಂದು ವಿಷಯ ಹೇಳಿದಾಗ ಅವರು ಅಳಲಿಲ್ಲ, ಅಚ್ಚರಿಪಡಲೂ ಇಲ್ಲ. ಮೊರದಲ್ಲಿದ್ದ ಅವರೆಕಾಳನ್ನು ಪಕ್ಕಕ್ಕೆ ಸರಿಸಿದರು.

“ಕುಂತ್ಕಳವ್ವ. ತಡ ಆತು ನೀನು ಬರೋದು.”

ಅವರು ಹೇಳಿದ್ದು ಇಷ್ಟು: ಮದುವೆಗೆ ಮುಂಚೆ, ತವರೂರು ಹರಿಯಬ್ಬೆಯವರ ಕುರಿಮಂದೆಯನ್ನು ಗೊಬ್ಬರಕ್ಕಾಗಿ ಹೊಸದುರ್ಗದ ಕಡೆ ತೆಂಗಿನ ತೋಟಗಳಲ್ಲಿ ರಾತ್ರಿ ತರುಬಿ ನಿಲ್ಲಿಸುತ್ತಿದ್ದರು. ತೋಟದ ಯಜಮಾನ ಮುರುಗಪ್ಪನಿಗೆ ನಾಟಕದ ಗೀಳು. ಅಣ್ಣ ತಂಗಿಯರ ಪದ ಕೇಳಿ ಇಬ್ಬರನ್ನೂ ಬೆಂಗಳೂರಿಗೆ ಕರೆದೊಯ್ದು ರೆಕಾರ್ಡು ಮಾಡಿಸಿದ. ಕೆಲವನ್ನು ಮೈಕ್‌ನವರಿಗೆ ಮಾರಿದ. ಮುಂದೆ ಆ ಉತ್ಸಾಹ ಉಳಿಯಲಿಲ್ಲ.

ಕಥೆ ಸರಿಯಾಗಿಯೇ ಇತ್ತು. ಆದರೆ ಹಾಡು ತಮ್ಮದೆಂದು ಹೇಳಿಕೊಂಡು ಬರುವವರನ್ನು ಸಂಗ್ರಾಹಕರು ಸುಮ್ಮನೆ ನಂಬುವುದಿಲ್ಲ. ನಂಬಬೇಕೆಂದು ಮನಸ್ಸು ಬಯಸುತ್ತಿದ್ದುದರಿಂದಲೇ ಆರ್ಜೂ ಕೇಳಿದಳು: “ಚಿತ್ತಮ್ಮಕ್ಕ, ಪ್ಲೇಟಿನ ಹಿಂದ್ಗಡೆ ಏನು ಹಾಡಿದೀರಿ?”

“ಹಿಂದ್ಗಡೆ ನಾನೆಲ್ಲಿದೀನಿ? ಅಣ್ಣನ ಗಣೆ ಒಂದೇ. ಆ ಕ್ವಾಣೇಲಿ ತಣ್ಣನೆ ಮಿಷನ್ ಹಾಕಿದ್ರು ನೋಡು, ನಂಗೆ ಗಂಟ್ಲು ಕಟ್ಕಂಡು ಬಿಡ್ತು. ಅವನು ನುಡಿಸ್ತಿದ್ರೆ ಮಧ್ಯ ಒಂದ್ಸಲ ಕೆಮ್ಮಿದೆ. ಇನ್ನೊಂದ್ಸಲ ಮಾಡಾಣ ಅಂದ್ರು. ಮುರುಗಪ್ಪ ದುಡ್ಡಾಗ್ತೈತೆ ಬ್ಯಾಡ ಅಂದ.”

ಹಿಂಬದಿಯಲ್ಲಿ ಗಣೆ ಇದೆಯೆಂಬುದು ಮೈಕ್‌ನವರಿಗೂ ತಿಳಿದಿದ್ದೀತು. ಕೆಮ್ಮನ್ನು ಆರ್ಜೂ ಕೂಡ ಕೇಳಿರಲಿಲ್ಲ. ಅಂಗಡಿಗೆ ಮರಳಿ ಹಿಂಬದಿಯ ಮೇಲೆ ಮುಳ್ಳನ್ನು ಇಟ್ಟು ಕಿವಿಗೊಟ್ಟಳು. ವಾದನದ ನಡುವೆ ಬರುವ ಒಂದು ಒರಟು ಸದ್ದನ್ನು ಆಕೆ ಯಾವಾಗಲೂ ರೆಕಾರ್ಡಿಗೆ ಬಿದ್ದ ಗೀರು ಎಂದುಕೊಂಡಿದ್ದಳು. ಕಂಪ್ಯೂಟರಿನ ಪ್ರತಿಯಲ್ಲಿ ಅದನ್ನು ಅಳಿಸಿಯೂ ಇದ್ದಳು. ಗೀರಾದರೆ ರೆಕಾರ್ಡಿನ ಒಂದೊಂದು ಸುತ್ತಿಗೂ ಮರಳಿ ಬಡಿಯಬೇಕು. ಇದು ಒಮ್ಮೆ ಬಂದು, ಬಾಯಿಗೆ ಸೆರಗು ಒತ್ತಿದಂತೆ ಅಡಗಿಹೋಯಿತು. ಹುಡುಗಿಯ ಕೆಮ್ಮು.

ಮರುದಿನ ಬಬ್ಬೂರಿಗೆ ಹೊರಟಾಗ ಜಮಾಲ್ ಸಾಬ್ ತಾವೂ ಬರುತ್ತೇನೆಂದರು. ಮದುವೆಗಳಲ್ಲಿ ರೆಕಾರ್ಡು ಹಾಕುತ್ತಿದ್ದ ಹಳೆಯ ಯಂತ್ರವನ್ನು ಕಾರಿನಲ್ಲಿ ಮಡಿಲ ಮೇಲಿಟ್ಟುಕೊಂಡೇ ಕುಳಿತರು. ಅವರನ್ನು ಕಂಡೊಡನೆ ಚಿತ್ತಮ್ಮ ಸೊಂಟಕ್ಕೆ ಕೈಯಿಟ್ಟರು.

“ಬರ್ರಿ ಸಾಬ್ರೇ. ನನ್ ಮದ್ವೇಗೂ ನೀವೇ ಅಲ್ವೇನ್ರಿ ಮೈಕ್ ಹಾಕಿದ್ದು? ನಾನು ಹಸೆ ಮ್ಯಾಲೆ ಕುಂತೀನಿ, ನೀವು ಮೈಕ್‌ನಾಗೆ ‘ಈಗ ಬೆಂಗಳೂರಿನ ಮಿಸ್ ಸೀಲಾ’ ಅಂದ್ರಿ. ಪಕ್ದಾಗ ಕುಂತಿದ್ದ ಗಂಡಂಗೆ ‘ಇದು ನಾನೇ ಹಾಡಿದ್ದು’ ಅಂದೆ. ‘ತಾಳಿ ಕಟ್ಟಿ ಇನ್ನೂ ಗಳಿಗೆ ಆಗಿಲ್ಲ, ಆಗ್ಲೇ ಸುಳ್ಳು ಹೇಳ್ತೀಯಲ್ಲೇ’ ಅಂದ. ಸಾಯೋಗಂಟ ನಂಬ್ಲಿಲ್ಲ.”

ರಂಜಿತಾ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ಜಮಾಲ್ ಸಾಬ್ ಟೋಪಿ ಸರಿಪಡಿಸಿಕೊಂಡರು. “ನಂಗೇನು ಗೊತ್ತವ್ವ, ಮದ್ಲಿಂಗಿತ್ತೀನೇ ಹಾಡಿದಾಳೆ ಅಂತ. ಎಲ್ಲಾ ಆ ಹೊಸದುರ್ಗದೋರಿಗೆ ಹೆದ್ರಿ ಮಾಡಿದ್ದು. ತಪ್ಪಾತು.”

“ತಪ್ಪು ಅನ್ಬ್ಯಾಡ್ರಿ, ನಿಮ್ ವ್ಯಾಪಾರ ನಿಮ್ದು. ಆದ್ರೆ ಸೀಲಾನೇ ಯಾಕೆ? ಚೆನ್ನಾಗಿದ್ಲೇನು?”

“ಹೊಳಲ್ಕೆರೆ ಟೂರಿಂಗ್ ಟಾಕೀಸ್‌ನಾಗೆ ಟಿಕೀಟ್ ಕೊಡ್ತಿದ್ಲು...”

“ಅಬ್ಬಾ!” ಎಂದಳು ಆರ್ಜೂ. ಈ ಸಂಶೋಧನೆ ಎಲ್ಲಿಯವರೆಗೆ ಹೋಗಬಹುದೆಂದು ಆಕೆ ಊಹಿಸಿರಲಿಲ್ಲ.

ಆಕೆ ಅಲ್ಲಿಂದಲೇ ಕಿರಣ್‌ಕುಮಾರನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟಳು. ಕೆಮ್ಮಿನ ವಿಷಯ ಕೇಳಿ ಆತನಿಗೆ ಖುಷಿಯೇ ಆಯಿತು. ಆಮೇಲೆ ವ್ಯವಹಾರಕ್ಕೆ ಬಂದ: “ಒಂದ್ ಕೆಲ್ಸ ಮಾಡಾಣ ಮೇಡಂ. ದೊಡ್ಡಕ್ಷರದಾಗೆ ಮಿಸ್ ಶೀಲಾ, ಪಕ್ಕದಾಗೆ ಸಣ್ಣಕ್ಕೆ ಚಿತ್ತಮ್ಮ. ಹುಡುಕೋರೆಲ್ಲ ಶೀಲಾ ಅಂತಾನೇ ಹುಡುಕ್ತಾರೆ. ಮಾರಾಟ ಆಗ್ಬೇಕಲ್ಲ?”

ಆರ್ಜೂ ಬಾಯಿ ತೆರೆಯುವ ಮೊದಲೇ ಚಿತ್ತಮ್ಮ ಫೋನಿನ ಕಡೆ ಬಾಗಿದರು. “ಏನಪ್ಪ, ನೀನು ಹೊಳಲ್ಕೆರೆಯೋನಂತೆ. ಹೊಲದಾಗೆ ಕಳೆ ನಾನು ಕಿತ್ತು, ಹಾಜ್ರಿ ಇನ್ನೊಬ್ಳಿಗೆ ಹಾಕಿದ್ರೆ ನಿಮ್ಮವ್ವ ಸುಮ್ಕಿರ್ತಿದ್ಲಾ?”

“ಕಿರಣ್,” ಎಂದಳು ಆರ್ಜೂ, “ಶೀಲಾ ಅನ್ನೋ ಹೆಸ್ರು ಒಂದು ಮೂಲೇಲಿ ಇದ್ರೂ ನಾನು ರೆಕಾರ್ಡ್ ಕೊಡಲ್ಲ. ಮಾರಾಟದ ಚಿಂತೆ ನಿಮ್ಗೆ ಬ್ಯಾಡ. ತಪ್ಪು ಹೆಸ್ರನ್ನ ಅಷ್ಟು ಜನಕ್ಕೆ ಮುಟ್ಟಿಸ್ದೋಳು ನಾನು. ಸರಿಯಾದ ಹೆಸ್ರನ್ನೂ ಮುಟ್ಟಿಸ್ತೀನಿ.”

“ಆಯ್ತು ಮೇಡಂ. ಚಿತ್ತಮ್ಮ ಅಂತ ಹಾಕಾಣ.”

“ಬರೀ ಚಿತ್ತಮ್ಮ ಅಂದ್ರೆ ಯಾವ ಚಿತ್ತಮ್ಮ?” ಎಂದು ಮತ್ತೆ ಚಿತ್ತಮ್ಮನ ದನಿ. “ಈ ಕಡೆ ಬೇಕಾದಷ್ಟು ಜನ ಅದೀವಿ. ಹರಿಯಬ್ಬೆ ಚಿತ್ತಮ್ಮ ಅಂತ ಹಾಕು. ಜತೆಗೆ ಗಣೆ ಜುಂಜಯ್ಯ. ಅವನ ಅಕ್ಷರ ನನ್ನಷ್ಟೇ ದಪ್ಪ ಇರ್ಲಿ.”

ಹಾಗೆಯೇ ಆಯಿತು. ಆರ್ಜೂ ಅದೇ ಸಂಜೆ ಇಂಟರ್ನೆಟ್ಟಿನಲ್ಲಿ ಹೆಸರನ್ನು ತಿದ್ದಿದಳು, ತಾನು ಎಲ್ಲಿ ಎಡವಿದೆನೆಂಬುದನ್ನೂ ಅದರ ಕೆಳಗೆ ಬರೆದಳು. ಅಳಿಸಿದ್ದ ಕೆಮ್ಮನ್ನು ಮರಳಿ ಸೇರಿಸಿ, ಹಿಂಬದಿಯನ್ನೂ ಹಾಕಿದಳು. ಹಳೆಯ ಕೇಳುಗರಲ್ಲಿ ಕೆಲವರು ಮುನಿಸಿಕೊಂಡರು. ತಮಗೆ ಪ್ರಿಯವಾಗಿದ್ದ ಮಿಸ್ ಶೀಲಾ ಎಲ್ಲಿಗೆ ಹೋದಳೆಂದು ಒಬ್ಬ ಕೇಳಿದ. ಆರ್ಜೂ ಉತ್ತರಿಸಿದಳು: “ಆಕೆ ಇರಲೇ ಇಲ್ಲ. ಹಾಡಿದವರು ಬಬ್ಬೂರಿನಲ್ಲಿದ್ದಾರೆ. ಬಂದು ಮಾತನಾಡಿಸಿ, ಆದರೆ ಬೆಳಗಿನ ಹೊತ್ತು ಬನ್ನಿ. ಮಧ್ಯಾಹ್ನ ಮಲಗಿದವರನ್ನು ಎಬ್ಬಿಸಿದರೆ ಬೈಯುತ್ತಾರೆ.”