ಆರೂವರೆ ಪದಗಳ ವಾಕ್ಯ

ಗೆಳೆಯರೇ, ಇವತ್ತು ಆದೋನಿಯ ನಮ್ಮ ಮನೆಯಲ್ಲಿ ಬೆಳಿಗ್ಗೆಯಿಂದ ಜಗಳ. ಈಚೆಗೆ ಕಣ್ಣು ಕಳೆದುಕೊಂಡ ಸೋದರಮಾವನಿಗೆ ಪುಸ್ತಕ ಓದಿ ಹೇಳುವ ಎಐ ಮಾದರಿಯೊಂದನ್ನು ನಾನೂ ಗೆಳತಿ ಶಾರದಾಳೂ ಫೋನಿಗೆ ಹಾಕುತ್ತಿದ್ದೆವು. ಮಾವ ಎದುರಿಗೇ ಕಾಯುತ್ತ ಕೂತಿದ್ದರು. ವಾಕ್ಯದಲ್ಲಿ ಎಷ್ಟು ಪದವಿರುತ್ತದೋ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ನಾವು ಬರೆದ ಕೋಡನ್ನು ಫೋನಿಗೆ ಅರ್ಥವಾಗುವಂತೆ ಬದಲಿಸುವ ಕಂಪೈಲರ್ ಅದನ್ನು ‘ಎನ್’ ಎಂದು ಇಟ್ಟುಕೊಂಡು, ಪೂರ್ಣಾಂಕವೋ ದಶಾಂಶವೋ ಎಂದು ತಾನೇ ಊಹಿಸುತ್ತದೆ. ಇವತ್ತು ದಶಾಂಶ ಎಂದು ಊಹಿಸಿ ನಿಂತುಬಿಟ್ಟಿತು.

“ನಿನ್ನ ಕೋಡ್‌ನಾಗ ತಪ್ಪೈತಿ,” ಎಂದೆ.

“ನಂದಲ್ಲ, ಕಂಪೈಲರ್‌ದು! ಆರೂವರಿ ಪದದ ವಾಕ್ಯ ಎಲ್ಲೇರ ಇರ್ತೈತೇನು?” ಎಂದಳು ಶಾರದಾ.

ಹುಡುಕಿದರೆ, ‘ಎನ್’ ಅನ್ನು ಎರಡರಿಂದ ಭಾಗಿಸುವಲ್ಲಿ ಎಡವಟ್ಟಾಗಿತ್ತು: ಹದಿಮೂರು ಪದವಿದ್ದರೆ ಅರ್ಧ ಆರೂವರೆ. ಅಲ್ಲಿ ಶೇಷ ಬಿಟ್ಟು ಆರು ಎಂದಷ್ಟೇ ಕೊಡುವ ಪೂರ್ಣಾಂಕದ ಭಾಗಾಕಾರ ಹಾಕಿದೆವು. ಫೋನು ಹೆಣ್ಣುದನಿಯಲ್ಲಿ ಓದತೊಡಗಿತು! ಹೋದ ಜೀವ ಬಂದಂತಾಗಿ ಇಬ್ಬರೂ ಕೂಗಿಕೊಂಡೆವು.

“ಏಯ್, ಸುಮ್ನಿರ್ರಿ! ಆಕಿ ಓದಾಕತ್ತಾಳ,” ಎಂದು ಮಾವ ಗದರಿದರು.